ಬಿಳಿ ಚುಕ್ಕಿ ಮಾಯಬಾರದಿತ್ತು

"ಬಾಯಿ ತೆಗೀರಿ," ಎಂದರು ಡಾಕ್ಟರ್ ಕಾಶೀನಾಥ. ನಾನು ಕಣ್ಣು ಮುಚ್ಚಿ, ತುಟಿಯನ್ನೂ ಬಿಗಿದು ಕುಳಿತೆ.

"ಹಿಂಗ ಕುಂತ್ರ ನಾ ಏನ್ ನೋಡ್ಲಿ? ನಿಮ್ಮ ರೆಪ್ಪಿ ನೋಡ್ಲೇನು?"

ಬಾಗಿಲ ಹತ್ತಿರ ಚೀಟಿ ಬರೆಯುತ್ತಿದ್ದ ಲತೀಫಾ ಚಾಚಿ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ನಗುವಿನಲ್ಲೇ ಬಾಯಿ ತೆರೆಯಿತು. ಚಿತ್ತಾಪುರದ ಆ ಪುಟ್ಟ ಕ್ಲಿನಿಕ್ಕಿನ ದೀಪ ನನ್ನ ಹಲ್ಲುಗಳ ಮೇಲೆ ಬಿತ್ತು. ದೀಪದಾಚೆ, ಮಾಸ್ಕಿನ ಮೇಲೆ, ಎರಡು ಕಣ್ಣು. ಮಾಗಿದ ಹುಣಸೆಯ ಬಣ್ಣದವು. ಉಳಿದ ಮುಖ ನನಗೆ ಕಾಣಲಿಲ್ಲ. ಕಾಣದ್ದನ್ನೆಲ್ಲ ನಾನೇ ಕಲ್ಪಿಸಿಕೊಂಡೆ.

ಅವರು ಕನ್ನಡಿ ಹಿಡಿದರು. "ಮುಂದಿನ ಹಲ್ಲಿನ ಬುಡದಾಗ ಸುಣ್ಣ ಹಚ್ಚಿದಂಗ ಬಿಳಿ ಚುಕ್ಕಿ ಅದ, ಕಂಡ್ತೇನು? ಹುಳುಕು ಅಲ್ಲಿಂದಾನೇ ಶುರು ಆಗ್ತದ. ತೂತು ಬಿದ್ಮ್ಯಾಲ ತಾನಾಗಿ ಮುಚ್ಚಂಗಿಲ್ಲ. ಆದ್ರ ಚುಕ್ಕಿ ಇದ್ದಾಗ ಹಿಡಿದ್ರ ವಾಪಸ್ ಹೋಗ್ತದ."

"ಎಲ್ಲಿಗಿ ಹೋಗ್ತದ್ರಿ?"

ಆ ಕಣ್ಣುಗಳು ಸಣ್ಣವಾದವು. ಮಾಸ್ಕಿನೊಳಗೆ ನಗುತ್ತಿದ್ದರು. "ಎಲ್ಲಿಗೂ ಇಲ್ರಿ. ಹಲ್ಲು ಕಳ್ಕೊಂಡ ಕ್ಯಾಲ್ಸಿಯಂನ ಉಗುಳು ವಾಪಸ್ ತಂದು ಕೊಡ್ತದ. ಅದಕ್ಕ ಬಾಯಿಗಿ ಸ್ವಲ್ಪ ಪುರಸೊತ್ತು ಬೇಕು. ನೀವು ಪುರಸೊತ್ತೇ ಕೊಡಾಕತ್ತಿಲ್ಲ. ದಿನಾ ಏನ್ ತಿಂತೀರಿ?"

ಹೇಳಲೇಬೇಕಾಯಿತು. ನಾನು ಚಿಕ್ಕವಳಿದ್ದಾಗ ನಮ್ಮ ಅಜ್ಜಿ, ಆಯಿ ಚಂದಮ್ಮ, ಕಥೆ ಶುರು ಮಾಡುವ ಮುನ್ನ ನನ್ನ ಮೇಲ್ದುಟಿಯ ಒಳಗೆ ಕಲ್ಲುಸಕ್ಕರೆಯ ಹರಳೊಂದನ್ನು ಇಡುತ್ತಿದ್ದಳು. ಹರಳು ಕರಗುವ ತನಕ ಕಥೆ. ಕಥೆ ಉದ್ದವಾದರೆ ಇನ್ನೊಂದು ಹರಳು. ಈಗ ನಾನು ಗುಂಡಗುರ್ತಿಯ ಪಂಚಾಯತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಪುಸ್ತಕ ತೆರೆದರೆ ಇವತ್ತಿಗೂ ಹರಳು ಬೇಕು. ದಿನವಿಡೀ ತುಟಿಯೊಳಗೆ ಅದು ಇದ್ದೇ ಇರುತ್ತದೆ.

"ಒಮ್ಮೆಲೇ ತಿಂದು ಬಾಯಿ ತೊಳ್ಕೊಂಡ್ರ ಇಷ್ಟು ಕಾಟ ಇರ್ತಿರ್ಲಿಲ್ಲ," ಎಂದರು. "ಒಂದೇ ಜಾಗದಾಗ ಚೂರು ಚೂರು ಕರಗ್ತದಲ್ಲ, ಅದು ಕಷ್ಟ. ಈಗ ಹಲ್ಲು ಗಟ್ಟಿ ಮಾಡೋ ಫ್ಲೋರೈಡ್ ವಾರ್ನಿಶ್ ಹಚ್ತೀನಿ."

"ವಾರ್ನಿಶ್ ಬಾಗಿಲಿಗಿ ಹಚ್ತಾರಲ್ರಿ?"

"ಇದೂ ಬಾಗಿಲೇ. ನಿಮ್ಮ ಮಾತೆಲ್ಲ ಇದರಿಂದಾನೇ ಹೊರಗ ಬರ್ತಾವಲ್ಲ."

ಚಿಕ್ಕ ಬ್ರಶ್ಶಿನ ತುದಿ ಹಲ್ಲಿಗೆ ತಾಗಿತು. ಅಷ್ಟು ಹಗುರವಾಗಿ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಕಲ್ಲುಸಕ್ಕರೆ ಬಂದ್, ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ಎರಡು ನಿಮಿಷ ಹಲ್ಲುಜ್ಜುವುದು, ಉಗುಳಿದ ಮೇಲೆ ನೀರು ಮುಕ್ಕಳಿಸದೆ ಹಾಗೇ ಬಿಡುವುದು, ತಿಂಗಳಿಗೊಮ್ಮೆ ಬಂದು ತೋರಿಸುವುದು. ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ.

ತಿಂಗಳಾದ ಮೇಲೆ ಹೋದಾಗ ಹಲ್ಲಿನ ಅಂದಿನ, ಇಂದಿನ ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರು. ಚುಕ್ಕಿ ಕುಗ್ಗಿತ್ತು.

"ಶಹಬ್ಬಾಸ್! ಭಾಳ ಚಂದ ಮಾಡೀರಿ. ಹಿಂಗಾದ್ರ ಮುಂದಿನ ತಿಂಗಳೇ ಕಡೀದು. ಆಮ್ಯಾಲ ನೀವು ಬರೋದು ಬ್ಯಾಡ."

ಬರೋದು ಬ್ಯಾಡ. ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕುಳಿತೆ. ತೊಗರಿ ಹೊಲಗಳು ಹಳದಿ ಹೂ ಹೊತ್ತು ಹಿಂದೆ ಸರಿಯುತ್ತಿದ್ದವು. ಹಲ್ಲು ವಾಸಿಯಾದರೆ ಆ ಕಣ್ಣುಗಳೆದುರು ಕೂರಲು ನನಗೆ ಕಾರಣವೇ ಉಳಿಯುವುದಿಲ್ಲ. ಹಲ್ಲು ವಾಸಿಯಾಗದಿದ್ದರೆ?

ಆ ಸಂಜೆಯೇ ಕಲ್ಲುಸಕ್ಕರೆ ಡಬ್ಬಿಯ ಮುಚ್ಚಳ ತೆರೆದೆ.

ಮೂರನೆಯ ಸಲ ಡಾಕ್ಟರ್ ಫೋಟೋಗಳನ್ನು ಮತ್ತೆ ಮತ್ತೆ ಹೋಲಿಸಿ ನೋಡಿದರು. ಚುಕ್ಕಿ ಮೊದಲಿಗಿಂತ ಹರಡಿ, ಮೇಲ್ಮೈ ಒರಟಾಗಿತ್ತು.

"ಪೇಸ್ಟ್ ಬದಲಿ ಮಾಡಿಲ್ಲಲ್ಲ? ರಾತ್ರಿ ತಪ್ಪಿಲ್ಲಲ್ಲ?"

"ಇಲ್ರಿ," ಎಂದೆ. ದನಿ ನನ್ನದಲ್ಲವೆನಿಸಿತು.

"ಹಂಗಾದ್ರ ತಪ್ಪು ನಂದೇ." ಅವರು ಸ್ಟೂಲಿನ ಮೇಲೆ ಕುಸಿದಂತೆ ಕುಳಿತರು. "ವಾರ್ನಿಶ್ ಹಚ್ಚೋ ಮುಂಚೆ ಹಲ್ಲು ಸರಿಯಾಗಿ ಒಣಗಿಸಿಲ್ಲ ಕಾಣ್ತದ. ಹದಿನೈದು ದಿನದಾಗ ತೂತು ಬಿದ್ರೂ ಬೀಳಬಹುದು. ಕಲಬುರಗಿಯಾಗ ನನಗ ಕಲಿಸಿದ ಸರ್ ಇದ್ದಾರ. ನಾಳೆ ಕ್ಲಿನಿಕ್ ಬಂದ್ ಮಾಡಿ ನಾನೇ ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಖರ್ಚು ನಂದು."

ತಮ್ಮ ಕೈಯನ್ನೇ ತಾವು ನಂಬದವರಂತೆ ಅವರು ನೋಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಕೈಯಾಗ ಏನೂ ತಪ್ಪಿಲ್ರಿ. ನಾನೇ ಹಲ್ಲುಜ್ಜೋದು ಬಿಟ್ಟೆ. ಕಲ್ಲುಸಕ್ಕರೆ ಇಟ್ಕೊಂಡೆ. ಬೇಕಂತಲೇ."

"ಬೇಕಂತ? ಯಾಕ್ರಿ?"

"ವಾಸಿಯಾದ್ರ ಬರೋದು ಬ್ಯಾಡ ಅಂದ್ರಲ್ಲ, ಅದಕ್ಕ."

ಲತೀಫಾ ಚಾಚಿಯ ಪೆನ್ನು ನಿಂತಿತು. ಡಾಕ್ಟರ್ ಮೇಜಿಗೆ ಹೋಗಿ, ತಲೆ ತಗ್ಗಿಸಿ ಏನೋ ಬರೆದು, ಚೀಟಿಯನ್ನು ನನ್ನ ಮುಂದೆ ಹಿಡಿದರು.

"ಸೇಡಂದಾಗ ಡಾಕ್ಟರ್ ಉಮಾದೇವಿ ಅಂತ ಇದ್ದಾರ. ಇವತ್ತಿಂದ ಅವ್ರೇ ನಿಮ್ಮನ್ನ ನೋಡ್ತಾರ. ನಾ ನೋಡಂಗಿಲ್ಲ."

ಚೀಟಿಯ ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು. ಎದ್ದೆ. ಬಾಗಿಲವರೆಗೆ ಹೋಗಿದ್ದೆನೋ ಏನೋ, ಲತೀಫಾ ಚಾಚಿ ಅಡ್ಡ ನಿಂತಳು.

"ಅರೆ, ಎಲ್ಲಿಗಿ ಓಡ್ತಿ ಬೇಟಿ? ಡಾಕ್ಟರ್ ಸಾಬ್, ಪೂರಾ ಮಾತು ಹೇಳ್ರಿ. ಹುಡುಗಿ ಅರ್ಧಕ್ಕೇ ಅಳ್ಲಿಕತ್ತಾಳ."

ತಿರುಗಿ ನೋಡಿದೆ. ಅವರು ಮಾಸ್ಕ್ ತೆಗೆಯುತ್ತಿದ್ದರು. ನಾನು ಕಲ್ಪಿಸಿಕೊಂಡ ಮುಖವಲ್ಲ ಅದು. ಮೂಗು ಸ್ವಲ್ಪ ಸೊಟ್ಟ, ಗಲ್ಲದಲ್ಲೊಂದು ಹಳೆಯ ಗಾಯದ ಗುರುತು. ಕಲ್ಪನೆಗಿಂತ ಎಷ್ಟೋ ಚೆನ್ನಾಗಿತ್ತು.

"ನೀವು ನನ್ನ ಪೇಶಂಟ್ ಇರೋತನಕ ನಾ ಒಂದು ಮಾತು ಕೇಳೋ ಹಂಗಿಲ್ರಿ," ಎಂದರು. ಕಿವಿ ಕೆಂಪಾಗಿತ್ತು. "ಈ ವಾರ್ನಿಶ್ಶಿಗಿ ಮೂರು ತಿಂಗಳಿಗೊಮ್ಮೆ ಬಂದ್ರ ಸಾಕಿತ್ತು. ತಿಂಗಳಿಗೊಮ್ಮೆ ಬರ್ರಿ ಅಂದವನೇ ನಾನು."

ಲತೀಫಾ ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅಳುತ್ತಲೇ ನಕ್ಕೆ.

"ಹಲ್ಲು ಉಳೀತದೇನ್ರಿ?"

"ಇನ್ನೂ ತೂತು ಬಿದ್ದಿಲ್ಲ. ಇವತ್ತೇ ಸೇಡಂಕ್ಕ ಹೋಗ್ರಿ. ಉಜ್ಜೋದು ಬಿಟ್ರ ಮಾತ್ರ ನಾ ಮಾತಾಡ್ಸಂಗಿಲ್ಲ."

"ಬಿಡಂಗಿಲ್ರಿ." ಈ ಸಲ ದನಿ ನನ್ನದೇ ಆಗಿತ್ತು.

"ರವಿವಾರ ನನಗ ರಜಾ," ಎಂದರು ಮೆಲ್ಲಗೆ. "ಗುಂಡಗುರ್ತಿಗಿ ಬಸ್ ಎಷ್ಟಕ್ಕ ಅದ?"

"ಹತ್ತಕ್ಕೊಂದು ಅದರಿ."

"ಅದಕ್ಕಿಂತ ಮುಂಚೆ?"

"ಏಳಕ್ಕ ಅದ. ಆದ್ರ ಹಳ್ಳಿ ಹಳ್ಳಿಗೂ ನಿಲ್ತದ, ಭಾಳ ತಡ ಆಗ್ತದ್ರಿ."

"ನಿಲ್ಲಲಿ," ಎಂದರು. "ಏಳಕ್ಕೇ ಹತ್ತತೀನಿ."