ಬೋರಗಾಂವ ಟೀಮಿನ ಲೆಫ್ಟ್ ಕಾರ್ನರ್

ಮಲ್ಲೇಶ ಹೇಳಬೇಕಾಗಿದ್ದುದು ಒಂದೇ ಮಾತು: “ಸ್ನೇಹಲನ್ನ ನನಗ ಕೊಡ್ರಿ.” ವಾರವಿಡೀ ಫೋನಿನಲ್ಲಿ ಅದನ್ನೇ ಬಾಯಿಪಾಠ ಮಾಡಿಸಿದ್ದೆ. ಸ್ನೇಹಲ ಅಂದರೆ ನಾನೇ.

ಬಂದ, ಪಡಸಾಲೆಯಲ್ಲಿ ಕೂತ, ಚಹಾ ಕುಡಿದ. ಇನ್ನೇನು ಬಾಯಿ ತೆರೆಯಬೇಕು, ಅಪ್ಪ ಕೇಳಿಬಿಟ್ಟ.

“ಮಲ್ಲೇಶ, ನಮ್ಮ ಬೋರಗಾಂವ ಕಬಡ್ಡಿ ಟೀಮಿನ್ಯಾಗ ಇಲ್ಲೀತನಕ ಎಲ್ಲಾರಕಿಂತ ಛಲೋ ಲೆಫ್ಟ್ ಕಾರ್ನರ್ ಯಾರು?”

ಅಪ್ಪ ಮುರಗೆಪ್ಪ ತನ್ನ ಕಾಲದಲ್ಲಿ ಆ ಮೂಲೆಯಲ್ಲೇ ನಿಂತು ರೈಡರುಗಳ ಕಾಲು ಹಿಡಿದವನು. ಈಗ ಆ ಜಾಗ ಮಲ್ಲೇಶನದು. ಎಂಥ ದಡ್ಡನಾದರೂ “ನೀವ ಕಾಕಾರ” ಅಂದುಬಿಡುತ್ತಿದ್ದ. ಬಾಗಿಲ ಸಂದಿಯಿಂದ ಕಣ್ಣಲ್ಲೇ ಬೇಡಿಕೊಂಡೆ. ನನ್ನನ್ನು ನೋಡಿದ, ತುಟಿಯಂಚಿನಲ್ಲಿ ನಕ್ಕ ಕೂಡ.

“ತವನಪ್ಪಣ್ಣ,” ಅಂದ. ಅಪ್ಪನ ನಂತರ, ಇವನಿಗಿಂತ ಮೊದಲು ಆ ಮೂಲೆಯಲ್ಲಿ ನಿಂತವನ ಹೆಸರು ಅದು.

ಅಪ್ಪ ಕಪ್ಪು ಕೆಳಗಿಟ್ಟ. “ನನಗಿಂತ?”

“ಸಣ್ಣಾಂವಿದ್ದಾಗಿಂದ ಇಬ್ಬರ ಆಟಾನೂ ನೋಡೀನ್ರಿ. ನೀವು ರೈಡರ್ ತಪ್ಪೂತನಕ ಕಾಯ್ತಿದ್ರಿ. ತವನಪ್ಪಣ್ಣ ತಾನ ಹೋಗಿ ಹಿಡೀತಿದ್ದ. ಅವನ ನಂತರ ನೀವ.”

ಒಂದು ತಾಸು ವಾದ ನಡೆಯಿತು. ಕಪ್ಪುಬಸಿಗಳೇ ಆಟಗಾರರಾದವು. ನನ್ನ ಉಪ್ಪಿಟ್ಟು ಆರಿ ತಣ್ಣಗಾಯಿತು, ಮದುವೆಯ ಮಾತು ಬರಲೇ ಇಲ್ಲ. ಕೊನೆಗೆ ಅಪ್ಪ “ಎದ್ದು ಹೋಗಲೇ” ಅಂದ. ಇವನು ಹೋದ.

ನಾನು ಬೈಕಿನ ಹತ್ತಿರ ಹಿಡಿದೆ. “ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?”

“ಆಟದಾಗ ಸುಳ್ಳು ಬರೂದಿಲ್ಲ ನನಗ.”

“ನನ್ನ ಮುಂದ ಖರೇನೂ ಬರೂದಿಲ್ಲ. ಪ್ರೀತಿ ಮಾಡ್ತೀನಿ ಅಂತ ಒಮ್ಮೆರ ಅಂದೀಯೇನು?”

ಕೀಲಿಯನ್ನು ತಿರುವುತ್ತ ನಿಂತ. ಕಿವಿಯೆಲ್ಲ ಕೆಂಪು.

“ನೀ ಇಲ್ಲದ ನನಗ ಆಗೂದಿಲ್ಲ ಬೇ. ಮಾಡ್ತೀನಿ.”

ನನ್ನ ಸಿಟ್ಟೇನೂ ಇಳಿಯಲಿಲ್ಲ. ಆದರೆ ಅವನ ಮಾತನ್ನು ಪೂರ್ತಿ ನಂಬಿದೆ. ಹೆಣ್ಣು ಕೇಳಲು ಬಂದ ಮನೆಯಲ್ಲೂ ಸುಳ್ಳಾಡದ ಬಾಯಿ ಅದು. ಸೀದಾ ಒಳಗೆ ನಡೆದೆ.

“ಅಪ್ಪಾ, ಅಂವ ನನ್ನ ಕೇಳಾಕ ಬಂದಿದ್ದ. ನಾ ಅವನ್ನ ಮದುವಿ ಆಗಾಕಿ.”

ಅಪ್ಪ ಇನ್ನೂ ಕಪ್ಪುಗಳನ್ನೇ ನೋಡುತ್ತಿದ್ದ. “ನನ್ನ ಎರಡನೇದಾಂವ ಮಾಡ್ದ. ತನ್ನ ಹೆಸರು ಎಲ್ಲಿ ಇಟ್ಕೊಂಡಾನಂತ?”

“ಹೇಳ್ಲೇ ಇಲ್ಲ. ನೀನೂ ಕೇಳ್ಲಿಲ್ಲ.”

ಅಪ್ಪ ಒಂದು ಕಪ್ಪನ್ನು ಎಡಮೂಲೆಗೆ ಸರಿಸಿದ.

“ನಾಳೆ ಬರಾಕ ಹೇಳು,” ಅಂದ. “ಅವನ ಹೆಸರು ಎಲ್ಲಿ ಬರತೈತಿ ಅಂತ ನಾ ಹೇಳ್ತೀನಿ. ಬರುವಾಗ ಅವರ ಅವ್ವ-ಅಪ್ಪನ್ನೂ ಕರ್ಕೊಂಡ ಬಾ ಅನ್ನು.”