ಇನ್ನೂ ಸಿಟ್ಟಿನಾಗದ

ಪಿಎಚ್‌ಡಿಗೆಂದು ಸುನಂದಾ ಮಾಡಿದ ಪ್ರಯೋಗ ಗೈಡ್ ಸಾಹೇಬರ ಹೆಸರಲ್ಲಿ ಅಚ್ಚಾಯಿತು. ಎರಡನೆಯ ಹೆಸರು ಜೊತೆಗೆ ಓದುತ್ತಿದ್ದ ಕೌಸ್ತುಭನದು. ಸುನಂದಾಳ ಹೆಸರು ಇರಲಿಲ್ಲ.

ಅದಾಗಿ ವರ್ಷಗಳೇ ಕಳೆದವು. ಇವತ್ತು ಕಲಬುರಗಿಯಿಂದ ಪಿಯು ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಕಮಲಾಪುರಕ್ಕೆ ಬಂದು ಲ್ಯಾಬಿನ ಬಾಗಿಲು ತಳ್ಳಿದರೆ... ಎದುರಿಗೆ ಅವನೇ, ಕೌಸ್ತುಭ, ಈಗ ಅಲ್ಲಿನ ಲೆಕ್ಚರರ್. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಬರ್ರಿ ಮೇಡಂ."

"ಮೇಡಂ ಆದೆ ಏನ್ರಿ ಈಗ?"

"ಹೆಸರು ಹಿಡದು ಕರಿಯೋ ಹಕ್ಕು ಎಲ್ಲಿ ಉಳದದ..."

ನನ್ನ ಹೆಸರು ನುಂಗಿದವನ ಬಾಯಲ್ಲಿ ಈ ಮಾತೇ?

ಆದರೂ ಆಸಿಡ್ಡಿನ ವಾಸನೆ ಅವಳನ್ನು ಹಿಂದಕ್ಕೆಳೆಯಿತು. ಆ ಮಧ್ಯಾಹ್ನಗಳು... ಕಮಲಾಪುರದ ಕೆಂಪು ಬಾಳೆಹಣ್ಣನ್ನು ಮುರಿದು ಅವನು ಅರ್ಧ ಅವಳ ಕೈಗಿಡುತ್ತಿದ್ದ. ಅವಳು ಹೇಳುತ್ತಿದ್ದಳು, "ನೋಡೋ, ಕ್ರೋಮಿಯಂ ತನ್ನ ಎಲೆಕ್ಟ್ರಾನ್ ಕೋಬಾಲ್ಟಿಗೆ ಕೊಡ್ತು. ಕೋಬಾಲ್ಟಿನ ಹತ್ರ ಇದ್ದ ಕ್ಲೋರಿನ್ ಕೊಂಡಿ ಈಗ ಕ್ರೋಮಿಯಂ ಹತ್ರ ಅದ. ದೂರ ನಿಂತು ಕೊಟ್ಟಿದ್ರ ಹಿಂಗ ಆಗ್ತಿತ್ತೇನು? ಎರಡೂ ಮುಟ್ಟಿಕೊಂಡಾವ."

ಗೈಡ್ ಸಾಹೇಬರು ಅವಳ ಕೈಯಿಂದ ಚಹಾ ತೆಗೆದುಕೊಳ್ಳುತ್ತಿರಲಿಲ್ಲ. ಪ್ರಯೋಗ ತೆಗೆದುಕೊಂಡರು.

ಪರೀಕ್ಷೆ ಶುರುವಾಯಿತು. ಮಸ್ತಾನಬಿ ಎಂಬ ಹುಡುಗಿ ಕಾಯಿಸಿದ ಫ್ಲಾಸ್ಕನ್ನು ಮಣಿಕಟ್ಟಿಗೆ ತಟ್ಟನೆ ತಾಗಿಸಿ ತೆಗೆದಳು.

"ಇನ್ನೂ ಸಿಟ್ಟಿನಾಗದ" ಎಂದು ತನಗೆ ತಾನೇ ಹೇಳಿಕೊಂಡಳು.

ಸುನಂದಾ ಆ ಮೇಜಿನ ಹತ್ತಿರ ಬಂದಳು. ಕೂಸಿಗೆ ಕುಡಿಸುವ ಮುಂಚೆ ಅವ್ವ ಹಾಲಿನ ಬಿಸಿ ನೋಡುತ್ತಿದ್ದ ರೀತಿ ಅದು. ಬಿಸಿ ಆರಿಲ್ಲ ಅನ್ನಲು ಅವ್ವ ಆಡುತ್ತಿದ್ದ ಮಾತು. ಅದನ್ನು ಲ್ಯಾಬಿಗೆ ತಂದವಳು ತಾನು!

"ಯಾರು ಕಲಿಸಿದ್ರವ್ವಾ ಇದನ್ನ?"

"ನಮ್ಮ ಸರ್ ರೀ. ಅವರಿಗೆ ಸುನಂದಾ ಮೇಡಂ ಅಂತ ಯಾರೋ ಕಲಿಸ್ಯಾರಂತ. ಆ ಹೆಸರು ಹೇಳಲಿಲ್ಲಂದ್ರ ಅರ್ಧ ಮಾರ್ಕ್ ಕಟ್ ಮಾಡ್ತಾರ್ರೀ."

ನನ್ನ ಹತ್ತಿರ ಇದ್ದದ್ದು... ಅವನ ಹತ್ತಿರ ಉಳಿದಿದೆ.

ಮಕ್ಕಳು ಹೋದ ಮೇಲೆ ಕೇಳಿದಳು. "ಪಿಎಚ್‌ಡಿ ಯಾಕ ಬಿಟ್ಟಿ?"

"ಸುನಂದಾನ ಹೆಸರು ಹಾಕ್ರಿ, ಇಲ್ಲಾ ನಂದೂ ತೆಗೀರಿ ಅಂದೆ. ಹೆಸರು ಇಟ್ಟು ನನ್ನನ್ನ ತೆಗದ್ರು."

"ನನಗ ಹೇಳಬಾರದಿತ್ತೇನು?"

"ಹೇಳ್ಲಿಕ್ಕೇ ಬಂದಿದ್ದೆ. ನೀ ಬಾಗಿಲಾ ತೆಗೀಲಿಲ್ಲ."

ಅವಳ ಕಣ್ಣು ತುಂಬಿತು. ಆ ಬಡಿತ ಅವಳಿಗೆ ನೆನಪಿತ್ತು. ಚಿಲಕ ಹಿಡಿದು ನಿಂತಿದ್ದಳು, ಒಳಗೆ...

ಅಷ್ಟರಲ್ಲಿ ಫೋನು. ಗೈಡ್ ಸಾಹೇಬರು, ಈಗ ಅವಳ ಕಾಲೇಜಿನ ಪ್ರಿನ್ಸಿಪಾಲರು.

"ನಾಳೆ ನನ್ನ ಸನ್ಮಾನ ಅದ, ಗೊತ್ತದಲ್ಲ? ಆ ಪ್ರಯೋಗ ನಾ ಹೆಂಗ ಮಾಡ್ದೆ ಅಂತ ಸ್ಟೇಜ್ ಮ್ಯಾಲ ನೀನೇ ಚಂದಂಗ ಹೇಳಬೇಕು."

ಕೌಸ್ತುಭ ಪಿಸುಗುಟ್ಟಿದ. "ಹೂಂ ಅಂದುಬಿಡು. ನೌಕರಿ ಹೋದೀತು."

ಅವಳು ಫೋನನ್ನು ಪಕ್ಕಕ್ಕಿಟ್ಟಳು. ಮೇಜಿನ ಮೇಲಿದ್ದ ಬಿಸಿ ಫ್ಲಾಸ್ಕನ್ನು ಎತ್ತಿ, ಅವನ ಕೈ ಹಿಡಿದು, ಮಣಿಕಟ್ಟಿಗೆ ತಾಗಿಸಿದಳು.

"ಹೆಂಗದ?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ಇನ್ನೂ ಸಿಟ್ಟಿನಾಗದ..."

ಅವಳು ನಕ್ಕಳು. ಆ ಕೈ ಹಿಡಿದೇ ಫೋನು ಎತ್ತಿ ಹೇಳಿದಳು.

"ಇಲ್ರೀ ಸರ್. ನಾ ಹೇಳಂಗಿಲ್ಲ."