ತಾನೇ ಬಿಟ್ಟುಹೋದ ಕೋಣೆ

ಕೀಲಿ ಹೊಸದಿತ್ತು. ಗುಂಡವ್ವನ ಚಾವಿ ಅದರೊಳಗೆ ಹೋಗಲೇ ಇಲ್ಲ.

ದೂರದ ಚಿಕಲಠಾಣಾ ಊರಿನಲ್ಲಿ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿ, ಬಸ್ಸಿನಲ್ಲಿ ಕುಲುಕಾಡಿ ಆಗಷ್ಟೇ ನಾಸಿಕ್ ರೋಡಿಗೆ ಬಂದಿದ್ದಳು. ತನ್ನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಇಣುಕಿದಳು. ರೊಟ್ಟಿ ಹಂಚು, ಕೌದಿ, ಟ್ರಂಕು, ಒಂದೂ ಇಲ್ಲ. ಗಂಡ ಚಾಂದವಡ್‌ನ ಕಟ್ಟಡದ ಕೆಲಸದಲ್ಲಿ. ಇವಳು ಈ ಕೋಣೆಯಲ್ಲೇ ರೊಟ್ಟಿ ಬಡಿದು ಇದೇ ಓಣಿಯಲ್ಲಿ ಮಾರುವವಳು. ಕೋಣೆ ಹೋದರೆ ಗಿರಾಕಿಗಳೂ ಹೋದಂತೆ.

ಕಳ್ಳರೆಂದು ಠಾಣೆಗೆ ಓಡಿದಳು.

ಸಬ್ ಇನ್‌ಸ್ಪೆಕ್ಟರ್ ರೂಪಾ ಬಂದಳು. ಬೀದರಿನವರ ಮಗಳು, ಹುಟ್ಟಿದ್ದು ಇಲ್ಲೇ. ಮನೆಮಾಲೀಕ ವಿಶ್ವನಾಥಪ್ಪ, ಕಲಬುರಗಿಯಿಂದ ಬಂದ ಬೇಳೆ ವ್ಯಾಪಾರಿ, ಕುರ್ಚಿ ಹಾಕಿಸಿದರು.

“ಕಳ್ಳರಲ್ಲ, ಮ್ಯಾಡಮ್. ತಾನೇ ಖಾಲಿ ಮಾಡಿ ಹೋಗ್ಯಾಳ. ನಾನು, ನನ್ನ ಹೆಂಡ್ತಿ ತ್ರ್ಯಂಬಕಕ್ಕ ಹೋಗಿದ್ವಿ. ಬಂದು ನೋಡಿದ್ರ ಬರೀ ಕೋಣಿ. ಕೀಲಿ ಹಾಕೀನಿ.”

“ಈ ಕೋಣಿ ಕುಂಭಮೇಳದ ಯಾತ್ರಿಗಳಿಗೆ ದುಪ್ಪಟ್ಟು ಬಾಡಿಗಿಗೆ ಕೊಡೋ ವಿಚಾರ ಅದ ಅಂತಾರಲ್ಲ ಓಣ್ಯಾಗ?” ರೂಪಾ ಕೇಳಿದಳು.

“ವಿಚಾರ ಮಾಡೋದು ಗುನ್ಹಾ ಏನ್ರಿ? ಕಾಯ್ದೆ ನನಗೂ ಗೊತ್ತದ. ಬಾಡಿಗಿದಾರರನ್ನ ಬಿಡಿಸಬೇಕಂದ್ರ ನೋಟಿಸ್ ಬೇಕು, ಕೋರ್ಟಿನ ಹುಕುಂ ಬೇಕು. ತಾನೇ ಹೋದವಳಿಗೆ ಎಂಥಾ ಕೋರ್ಟು?”

ಕಾಯ್ದೆಯನ್ನು ಇಷ್ಟು ಚೆನ್ನಾಗಿ ಓದಿಕೊಂಡ ಮಾಲೀಕರು ಅಪರೂಪ. ರೂಪಾಳಿಗೆ ಅದೇ ಕಸಿವಿಸಿ. ವಿಶ್ವನಾಥಪ್ಪನವರ ಹೆಂಡತಿ ಪ್ರೇಮಾಬಾಯಿ ಸೆರಗು ತಿರುವುತ್ತ ನಿಂತಿದ್ದರು.

ಅಷ್ಟರಲ್ಲಿ ಗುಂಡವ್ವನಿಗೆ ತಂಗಿಯ ಫೋನು; ದನಿ ಎಲ್ಲರಿಗೂ ಕೇಳಿಸಿತು. “ಅಕ್ಕಾ, ನಿನ್ನ ಸಾಮಾನೆಲ್ಲ ಟೆಂಪೊದಾಗ ನಮ್ಮ ಬಾಗಲಿಗೆ ಬಂದಾವ! ಇಲ್ಲೇ ಇರಾಕ ಬರ್ತೀಯೇನ?”

ವಿಶ್ವನಾಥಪ್ಪ ನಕ್ಕರು. “ಕೇಳಿದ್ರಲ್ಲ?”

* * *

ಮರುದಿನ ಗುಂಡವ್ವನನ್ನು ಕರೆದುಕೊಂಡು ರೂಪಾ ಚಿಕಲಠಾಣಾಕ್ಕೆ ಹೋದಳು. ಈಗ ಅನುಮಾನ ತಂಗಿಯ ಗಂಡ ಸಾಯಬಣ್ಣನ ಮೇಲೆ. ಕೂಸು ನೋಡಿಕೊಳ್ಳಲು ಗುಂಡವ್ವ ಇಲ್ಲೇ ಇರಲಿ ಎಂದು ಅವನೇ ಅಂದಿದ್ದನಂತೆ.

“ಟೆಂಪೊ ನೀವೇ ಕಳಿಸಿದ್ರಾ?”

“ನಾ ಯಾಕ ಕಳಿಸ್ಲಿ ಮ್ಯಾಡಮ್? ಒಂದ ಕೋಣ್ಯಾಗ ಕೂಸು, ಬಾಣಂತಿ, ಈಗ ಆ ಟ್ರಂಕು. ನಾ ಅಂಗಳದಾಗ ಮಲಗೀನಿ.”

“ಟೆಂಪೊದವ?”

“ಇಳಿಸಿ ಹಂಗ ಓಡಿದ. ಹಗ್ಗ ಸುದ್ದಾ ಬಿಚ್ಚಿಲ್ಲ ನಾವು.”

“ಆಯ್ತು, ಈಗ ಬಿಚ್ಚಿ.”

ಟ್ರಂಕಿನಲ್ಲಿ ಮೇಲೆಯೇ ಗುಂಡವ್ವನ ಇಳಕಲ್ ಸೀರೆ. ಸೆರಗಿನಲ್ಲೊಂದು ಗಂಟು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಎಲೆ ಅಡಿಕೆ, ಹಸಿರು ಕುಪ್ಪಸದ ಖಣ.

“ನೀವು ಕಟ್ಟಿದ್ದಾ?”

ಗುಂಡವ್ವ ಬಾಯಿ ಮೇಲೆ ಕೈ ಇಟ್ಟಳು. “ಇಲ್ಲವ್ವ! ತನ್ನ ಉಡಿ ತಾನೇ ಯಾರು ತುಂಬ್ಕೋತಾರ?”

* * *

“ಮನೆ ಬಿಟ್ಟು ಹೋಗೋ ಮುತ್ತೈದೆಗೆ ಉಡಿ ತುಂಬ್ತಾರೆ,” ಅಂದಳು ರೂಪಾ, ವಿಶ್ವನಾಥಪ್ಪನವರ ಅಂಗಳದಲ್ಲಿ. “ಎದುರಿಗಿದ್ದರೆ ಅವಳ ಮಡಿಲಿಗೇ. ಇದನ್ನ ಟ್ರಂಕಿನ ಸೀರೆಗೆ ತುಂಬಿದ್ದಾರೆ. ಅಂದರೆ ಸಾಮಾನು ಹೊರಟಾಗ ಗುಂಡವ್ವ ಇಲ್ಲಿರಲಿಲ್ಲ. ಸಾಯಬಣ್ಣ ಹಗ್ಗವನ್ನೇ ಬಿಚ್ಚಿಲ್ಲ. ಕಳ್ಳರು ಉಡಿ ತುಂಬಲ್ಲ. ತುಂಬಿದ್ದು ಹೆಂಗಸು, ಇಲ್ಲೇ. ಈ ಕೋಣೆ ಖಾಲಿಯಾಗಲಿ ಅನ್ನೋ ಮನೆಯಲ್ಲಿ ಹೆಂಗಸು ಇನ್ಯಾರಿದ್ದಾರೆ, ಪ್ರೇಮಾಬಾಯಿ?”

ಪ್ರೇಮಾಬಾಯಿ ಗಂಡನತ್ತ ಬೆರಳು ತೋರಿಸಿದರು. “ಬ್ಯಾಡ ಅಂದೆ, ಇವರು ಕೇಳಲಿಲ್ಲ. ತಂಗಿ ಮನಿ ವಿಳಾಸ ಗುಂಡವ್ವ ನನಗ ಕೊಟ್ಟು ಹೋಗಿದ್ಲು. ಮುತ್ತೈದಿ ಸಂಸಾರ ಬರಿಗೈಲೆ ಹೊರಗ ಹಾಕಿದ್ರ ಮನಿಗೆ ಒಳ್ಳೇದಾಗ್ತದೇನ್ರಿ?”

“ಹುಚ್ಚಿ! ಟೆಂಪೊ ತುಂಬಿಸೋವಾಗ ಸುಮ್ಮನಿರಬಾರದಿತ್ತೇನು?” ಅಂದರು ವಿಶ್ವನಾಥಪ್ಪ. ಆ ಮಾತೇ ತಪ್ಪೊಪ್ಪಿಗೆಯಾಯಿತು. ತ್ರ್ಯಂಬಕದ ಯಾತ್ರೆಯೂ ಸುಳ್ಳು.

“ಮನೆ ನಿಮ್ಮದೇ. ವಾಸ ಅವರದು. ಕೋರ್ಟಿನ ಹುಕುಂ ಇಲ್ಲದೆ ಕೀಲಿ ಬದಲಿಸೋ ಹಕ್ಕು ಮಾಲೀಕರಿಗಿಲ್ಲ. ಚಾವಿ ತನ್ನಿ, ಆಮೇಲೆ ಠಾಣೆಗೆ ಹೋಗೋಣ.”

ಬಾಗಿಲು ತೆರೆಯಿತು. ರೂಢಿಯಂತೆ ವಿಶ್ವನಾಥಪ್ಪನವರೇ ಮೊದಲು ಕಾಲಿಟ್ಟರು.

“ಯಜಮಾನ್ರ,” ಅಂದಳು ಗುಂಡವ್ವ, “ಚಪ್ಪಲಿ ಹೊರಗ ಬಿಡ್ರಿ. ನನ್ನ ಕೇಳಿ ಒಳಗ ಬರ್ರಿ.”